ಒಂದೇ ಮನೆಯ ಖೋಲಿಗಳನ್ನು ಪ್ರತ್ಯೇಕ ಬಾಡಿಗೆದಾರರಿಗೆ ಕೊಡುವುದು: ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿ ಪಟ್ಟಣಗಳ ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಒಂದು ಮನೆಯನ್ನು ಇಡಿಯಾಗಿ ಒಂದು ಕುಟುಂಬಕ್ಕೆ ಬಾಡಿಗೆಗೆ ಕೊಡುವುದು ಒಂದು ರೀತಿ. ಅದೇ ಮನೆಯ ಖೋಲಿಗಳನ್ನು ಪರಸ್ಪರ ಪರಿಚಯವಿಲ್ಲದ ಮೂರು ನಾಲ್ಕು ಜನರಿಗೆ ಬೇರೆ ಬೇರೆಯಾಗಿ ಕೊಟ್ಟು, ಅಡಿಗೆಮನೆ, ಬಚ್ಚಲು, ಶೌಚಾಲಯ, ನಳ ಮತ್ತು ವಿದ್ಯುತ್ ಮೀಟರನ್ನು ಎಲ್ಲರಿಗೂ ಸಮಾನವಾಗಿ ಬಿಡುವುದು ಇನ್ನೊಂದು ರೀತಿ. ಎರಡನೆಯ ರೀತಿಯಲ್ಲಿ ಮನೆ ಒಂದೇ ಆದರೂ ಕರಾರುಗಳು ಹಲವು. ಇಂತಹ ಮನೆಗಳಲ್ಲಿ ಉದ್ಭವಿಸುವ ಬಹುತೇಕ ವ್ಯಾಜ್ಯಗಳಿಗೆ ಮೂಲ ಕಾರಣವೆಂದರೆ, ಯಾವುದು ಯಾರಿಗೆ ಪ್ರತ್ಯೇಕ, ಯಾವುದು ಎಲ್ಲರಿಗೂ ಸಾಮಾನ್ಯ ಮತ್ತು ಯಾರ ಹೊಣೆ ಎಷ್ಟು ಎಂಬುದನ್ನು ಮೊದಲೇ ಬರೆದಿಡದಿರುವುದು. ಮಾಲೀಕರು ಹಾಗೂ ಬಾಡಿಗೆದಾರರು ಇಬ್ಬರೂ ತಮ್ಮ ಹಕ್ಕು ಮತ್ತು ಕರ್ತವ್ಯಗಳನ್ನು ಅರಿತುಕೊಳ್ಳಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

2. ಈ ಪಟ್ಟಣಗಳ ಹಿನ್ನೆಲೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಗದಗ-ಬೆಟಗೇರಿಯಲ್ಲಿ ನಗರಸಭೆ, ಲಕ್ಷ್ಮೇಶ್ವರ ಮತ್ತು ಮುಂಡರಗಿಯಲ್ಲಿ ಪುರಸಭೆ, ಶಿರಹಟ್ಟಿಯಲ್ಲಿ ಪಟ್ಟಣ ಪಂಚಾಯಿತಿ ಇವೆ. ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರವು ಈಗ ಪ್ರತ್ಯೇಕ ತಾಲ್ಲೂಕು ಕೇಂದ್ರವಾಗಿದೆ.

ಗದಗ ಮತ್ತು ಮುಂಡರಗಿ ಹಿಂದೆ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಖೋಲಿ, ಉತಾರ, ವಾಟ್ನಿ ಮುಂತಾದ ಪದಗಳು ಇಲ್ಲಿನ ವ್ಯವಹಾರದಲ್ಲಿ ಇಂದಿಗೂ ಬಳಕೆಯಲ್ಲಿರುವುದು ಆ ಕಾಲದ ಆಡಳಿತದ ಕುರುಹು. 1961ರ ಬಾಡಿಗೆ ನಿಯಂತ್ರಣ ಅಧಿನಿಯಮವು ಇಡೀ ರಾಜ್ಯಕ್ಕೆ ಒಂದೇ ಕಾನೂನನ್ನು ತಂದಿತು. ಅದನ್ನು ನಿರಸನಗೊಳಿಸಿ ಕರ್ನಾಟಕ ಬಾಡಿಗೆ ಅಧಿನಿಯಮ, 1999 ಎಂಬುದು 2001ರ ಡಿಸೆಂಬರ್ 31ರಂದು ಜಾರಿಗೆ ಬಂದಿತು.

ಬೆಟಗೇರಿಯ ನೇಕಾರಿಕೆ, ಗದಗಿನ ಮುದ್ರಣೋದ್ಯಮ ಮತ್ತು ಮಾರುಕಟ್ಟೆಗಳಿಗೆ ಹೊರ ಊರುಗಳಿಂದ ಬಂದವರಿಗೆ ಖೋಲಿ ಬಾಡಿಗೆಗೆ ಕೊಡುವುದು ಹಳೆಯ ರೂಢಿ. ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ 2015ರಲ್ಲಿಯೂ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ 2016ರಲ್ಲಿಯೂ ಆರಂಭವಾದ ನಂತರ ವಿದ್ಯಾರ್ಥಿಗಳು ಮತ್ತು ನೌಕರರು ಖೋಲಿಗಳನ್ನು ಕೇಳಿಕೊಂಡು ಬರುತ್ತಾರೆ. ತಾಲ್ಲೂಕು ಕೇಂದ್ರಗಳಲ್ಲಿ ಶಿಕ್ಷಕರು, ಬ್ಯಾಂಕ್ ಸಿಬ್ಬಂದಿ ಮತ್ತು ಪವನ ವಿದ್ಯುತ್ ಘಟಕಗಳ ನೌಕರರಿಗೂ ಇದೇ ಅನುಕೂಲ ಬೇಕಾಗುತ್ತದೆ.

3. ಬಾಡಿಗೆ ಮತ್ತು ಪರವಾನಗಿ: ವ್ಯತ್ಯಾಸ

ಸ್ವತ್ತು ವರ್ಗಾವಣೆ ಅಧಿನಿಯಮ, 1882ರ 105ನೇ ಪ್ರಕರಣದ ಮೇರೆಗೆ, ಸ್ಥಿರ ಸ್ವತ್ತನ್ನು ಅನುಭೋಗಿಸುವ ಹಕ್ಕನ್ನು ಪ್ರತಿಫಲಕ್ಕಾಗಿ ವರ್ಗಾಯಿಸುವುದು ಬಾಡಿಗೆ ಅಥವಾ ಗುತ್ತಿಗೆ ಎನಿಸುತ್ತದೆ. ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯನ್ನೂ ಕೊಡದೆ, ಅಲ್ಲಿ ಇರಲು ಕೇವಲ ಅನುಮತಿ ಕೊಟ್ಟರೆ ಅದು 1882ರದ್ದೇ ಆದ ಅನುಭೋಗ ಹಕ್ಕುಗಳ ಅಧಿನಿಯಮದ 52ನೇ ಪ್ರಕರಣದ ಪ್ರಕಾರ ಪರವಾನಗಿ ಎನಿಸುತ್ತದೆ. ಜನಬಳಕೆಯಲ್ಲಿ ಇದಕ್ಕೆ ಲೀವ್ ಅಂಡ್ ಲೈಸೆನ್ಸ್ ಎನ್ನುತ್ತಾರೆ.

ಕರಾರು ಪತ್ರದ ತಲೆಬರಹದಲ್ಲಿ ಪರವಾನಗಿ ಎಂದು ಬರೆದ ಮಾತ್ರಕ್ಕೆ ಅದು ಪರವಾನಗಿ ಆಗುವುದಿಲ್ಲ. ದೆಹಲಿಯ ಇಂಪೀರಿಯಲ್ ಹೋಟೆಲಿನ ಕೆಲವು ಕೊಠಡಿಗಳ ಕುರಿತಾದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1959ರಲ್ಲಿ ಈ ತತ್ತ್ವವನ್ನು ಸ್ಪಷ್ಟಪಡಿಸಿತು. ದಸ್ತಾವೇಜಿನ ಹೆಸರಿಗಿಂತ ಅದರ ತಿರುಳು ಮುಖ್ಯ. ಪಕ್ಷಕಾರರ ಉದ್ದೇಶವೇನು, ಆ ಭಾಗದ ಮೇಲೆ ಪ್ರತ್ಯೇಕ ಸ್ವಾಧೀನ ಯಾರಿಗಿತ್ತು ಎಂಬುದನ್ನು ನೋಡಬೇಕು ಎಂದು ತಿಳಿಸಿ, ಆ ಕರಾರನ್ನು ಗುತ್ತಿಗೆ ಎಂದು ಪರಿಗಣಿಸಿತು.

ಖೋಲಿಗಳಿಗೆ ಈ ತತ್ತ್ವವನ್ನು ಹೀಗೆ ಅನ್ವಯಿಸಿ ನೋಡಬಹುದು. ಖೋಲಿಯ ಬೀಗದ ಕೈ ಬಾಡಿಗೆದಾರನ ಬಳಿಯೇ ಇದ್ದು, ಇತರರು ಅಲ್ಲಿಗೆ ಪ್ರವೇಶಿಸುವಂತಿಲ್ಲವಾದರೆ ಅದು ಬಾಡಿಗೆಯ ಲಕ್ಷಣ. ಮಾಲೀಕರೇ ಮನೆಯಲ್ಲಿ ವಾಸವಿದ್ದು, ಖೋಲಿಯನ್ನು ಗುಡಿಸಿ, ಹಾಸಿಗೆ ಮತ್ತು ಊಟ ಒದಗಿಸಿ, ಬೇಕಾದಾಗ ಬೇರೆ ಖೋಲಿಗೆ ಬದಲಾಯಿಸುವ ಅಧಿಕಾರ ಉಳಿಸಿಕೊಂಡಿದ್ದರೆ ಅದು ಪರವಾನಗಿಯ ಲಕ್ಷಣ. ಪ್ರತಿಯೊಂದು ಪ್ರಕರಣವನ್ನೂ ಅದರದೇ ಸಂಗತಿಗಳ ಮೇಲೆ ನಿರ್ಧರಿಸಲಾಗುತ್ತದೆ.

4. ಎಲ್ಲರಿಗೂ ಒಂದೇ ಕರಾರೋ, ಒಬ್ಬೊಬ್ಬರಿಗೆ ಪ್ರತ್ಯೇಕ ಕರಾರೋ

ಸಹಿ ಹಾಕುವ ಮೊದಲು ಎರಡೂ ಪಕ್ಷದವರು ಅತಿ ಮುಖ್ಯವಾಗಿ ಯೋಚಿಸಬೇಕಾದ ವಿಷಯ ಇದು. ಭಾರತೀಯ ಕರಾರು ಅಧಿನಿಯಮ, 1872ರ 43ನೇ ಪ್ರಕರಣದ ಮೇರೆಗೆ, ಇಬ್ಬರು ಅಥವಾ ಹೆಚ್ಚು ಜನ ಜಂಟಿಯಾಗಿ ವಚನ ಕೊಟ್ಟಿದ್ದರೆ, ಬೇರೆ ರೀತಿಯ ಒಪ್ಪಂದವಿಲ್ಲದ ಪಕ್ಷದಲ್ಲಿ, ಅವರಲ್ಲಿ ಯಾರೊಬ್ಬರಿಂದಲಾದರೂ ಇಡೀ ವಚನವನ್ನು ನೆರವೇರಿಸಿಕೊಳ್ಳಬಹುದು. ಹಾಗೆ ಪೂರ್ತಿ ಕೊಟ್ಟವನು ಉಳಿದವರಿಂದ ಅವರವರ ಪಾಲನ್ನು ವಸೂಲು ಮಾಡಿಕೊಳ್ಳಬಹುದು.

ಉದಾಹರಣೆಗೆ, ತಿಂಗಳಿಗೆ 6,000 ರೂಪಾಯಿ ಬಾಡಿಗೆಯ ಮನೆಗೆ ಮೂವರು ವಿದ್ಯಾರ್ಥಿಗಳು ಒಂದೇ ಕರಾರಿಗೆ ಸಹಿ ಹಾಕಿದ್ದಾರೆ ಎಂದು ಭಾವಿಸೋಣ. ಅವರಲ್ಲಿ ಇಬ್ಬರು ಓದನ್ನು ಅರ್ಧಕ್ಕೆ ನಿಲ್ಲಿಸಿ ಊರಿಗೆ ಹೋದರೆ, ಮಾಲೀಕರು ಪೂರ್ತಿ 6,000 ರೂಪಾಯಿಯನ್ನು ಉಳಿದ ಒಬ್ಬನಿಂದ ಕೇಳಬಹುದು. ಅದೇ ಮೂವರು ತಲಾ 2,000 ರೂಪಾಯಿಯಂತೆ ಮೂರು ಪ್ರತ್ಯೇಕ ಕರಾರುಗಳನ್ನು ಮಾಡಿಕೊಂಡಿದ್ದರೆ, ಉಳಿದವನ ಹೊಣೆ 2,000 ರೂಪಾಯಿ ಮಾತ್ರ. ಖಾಲಿಯಾದ ಖೋಲಿಗಳ ನಷ್ಟವನ್ನು ಅವನ ಮೇಲೆ ಹೊರಿಸಲು ಬರುವುದಿಲ್ಲ.

ಪ್ರತ್ಯೇಕ ಕರಾರಿನಿಂದ ಮಾಲೀಕರಿಗೂ ಅನುಕೂಲವಿದೆ. ಒಬ್ಬ ಬಾಡಿಗೆದಾರ ಬಾಕಿ ಉಳಿಸಿಕೊಂಡರೆ ಅವನೊಬ್ಬನ ಮೇಲೆ ಮಾತ್ರ ಕ್ರಮ ಕೈಗೊಂಡು ಉಳಿದವರನ್ನು ಮುಂದುವರಿಸಬಹುದು. ಖಾಲಿಯಾದ ಖೋಲಿಗೆ ಹೊಸಬರನ್ನು ತರುವ ಹಕ್ಕೂ ಮಾಲೀಕರಿಗೇ ಉಳಿಯುತ್ತದೆ.

5. ಕರ್ನಾಟಕ ಬಾಡಿಗೆ ಅಧಿನಿಯಮ, 1999ರ ಅನ್ವಯ

ಈ ಅಧಿನಿಯಮವು ಅದರ ಮೊದಲನೇ ಅನುಸೂಚಿಯಲ್ಲಿ ಹೆಸರಿಸಿದ ಸ್ಥಳಗಳಿಗೆ ಅನ್ವಯಿಸುತ್ತದೆ. ಅಲ್ಲಿಯೂ ಎಲ್ಲ ಕಟ್ಟಡಗಳಿಗೆ ಅದು ಅನ್ವಯಿಸುವುದಿಲ್ಲ. ಅನುಸೂಚಿಯ 'ಎ' ಭಾಗದ ಪ್ರದೇಶಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮತ್ತು ಇತರ ಪ್ರದೇಶಗಳಲ್ಲಿ 2,000 ರೂಪಾಯಿ ಮೀರಿದ, ಅಧಿನಿಯಮದ ಪ್ರಕಾರ ಲೆಕ್ಕ ಹಾಕಿದ, ಬಾಡಿಗೆಯುಳ್ಳ ಸ್ವತ್ತುಗಳಿಗೆ ವಿನಾಯಿತಿ ಇದೆ. ಇತರ ಕೆಲವು ವಿನಾಯಿತಿಗಳೂ ಇವೆ.

ಪ್ರತ್ಯೇಕವಾಗಿ ಬಾಡಿಗೆಗೆ ಕೊಡುವ ಕಟ್ಟಡದ ಒಂದು ಭಾಗವೂ ಕಾನೂನಿನ ದೃಷ್ಟಿಯಲ್ಲಿ ಒಂದು ಸ್ವತ್ತೇ ಆಗಿದೆ ಎಂಬುದನ್ನು ಗಮನಿಸತಕ್ಕದ್ದು. ಇಡೀ ಮನೆಯ ಬಾಡಿಗೆ ಮಿತಿಯನ್ನು ಮೀರಿದ್ದರೂ ಒಂದು ಖೋಲಿಯ ಬಾಡಿಗೆ ಮಿತಿಯೊಳಗೇ ಇರಬಹುದು. ಆದ್ದರಿಂದ ಮನೆಯನ್ನು ಇಡಿಯಾಗಿ ಕೊಟ್ಟಾಗ ಅನ್ವಯಿಸದ ಅಧಿನಿಯಮವು ಖೋಲಿವಾರು ಕೊಟ್ಟಾಗ ಅನ್ವಯಿಸುವ ಸಂಭವವಿದೆ. ಅಂತಹ ಸಂದರ್ಭದಲ್ಲಿ ಅಧಿನಿಯಮದಲ್ಲಿ ಹೇಳಿದ ಕಾರಣಗಳಿಗೆ ಮಾತ್ರ, ನ್ಯಾಯಾಲಯದ ಆದೇಶದ ಮೂಲಕ, ಬಾಡಿಗೆದಾರರನ್ನು ತೆರವುಗೊಳಿಸಬಹುದು. ಅಧಿನಿಯಮ ಅನ್ವಯಿಸದಿದ್ದರೆ ಸ್ವತ್ತು ವರ್ಗಾವಣೆ ಅಧಿನಿಯಮ ಮತ್ತು ಪಕ್ಷಕಾರರ ಕರಾರು ಅನ್ವಯಿಸುತ್ತವೆ.

6. ಕೊಡುವವರಿಗೆ ಅಧಿಕಾರವಿದೆಯೇ ಎಂಬುದರ ಪರಿಶೀಲನೆ

ಹಳೆಯ ಮನೆಗಳು ಹಲವು ವೇಳೆ ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿರುತ್ತವೆ. ವಾಟ್ನಿ ಆಗದ ಮನೆಯ ಖೋಲಿಗಳನ್ನು ಒಬ್ಬರೇ ಬಾಡಿಗೆಗೆ ಕೊಟ್ಟರೆ ಮುಂದೆ ಬಾಡಿಗೆಯನ್ನು ಯಾರಿಗೆ ಕೊಡಬೇಕೆಂಬ ತಕರಾರು ಏಳಬಹುದು. ಆದ್ದರಿಂದ ಬಾಡಿಗೆದಾರರು ಸ್ಥಳೀಯ ಸಂಸ್ಥೆಯ ಆಸ್ತಿ ಉತಾರ ಮತ್ತು ಸಿ.ಟಿ.ಎಸ್. ಸಂಖ್ಯೆಯನ್ನು ನೋಡಿಕೊಳ್ಳುವುದು ಒಳ್ಳೆಯದು. ಮಾಲೀಕರು ಸಹ-ಮಾಲೀಕರ ಲಿಖಿತ ಒಪ್ಪಿಗೆ ಪಡೆದುಕೊಳ್ಳತಕ್ಕದ್ದು.

ಖೋಲಿ ಕೊಡುವವರು ಸ್ವತಃ ಬಾಡಿಗೆದಾರರಾಗಿದ್ದಲ್ಲಿ ಅದು ಒಳಬಾಡಿಗೆ ಆಗುತ್ತದೆ. ಕರ್ನಾಟಕ ಬಾಡಿಗೆ ಅಧಿನಿಯಮ ಅನ್ವಯಿಸುವ ಕಡೆ ಮಾಲೀಕರ ಲಿಖಿತ ಸಮ್ಮತಿ ಇಲ್ಲದ ಒಳಬಾಡಿಗೆಯು ತೆರವಿಗೆ ಕಾರಣವಾಗುತ್ತದೆ. ಅಂತಹ ಸಂದರ್ಭದಲ್ಲಿ ಮುಂಗಡ ಕೊಟ್ಟು ಬಂದವರೂ ಖೋಲಿ ಕಳೆದುಕೊಳ್ಳಬಹುದು.

7. ಕರಾರು ಪತ್ರ ಮತ್ತು ನೋಂದಣಿ

ಸ್ವತ್ತು ವರ್ಗಾವಣೆ ಅಧಿನಿಯಮದ 107ನೇ ಪ್ರಕರಣದ ಮೇರೆಗೆ, ವರ್ಷದಿಂದ ವರ್ಷಕ್ಕೆ ನಡೆಯುವ, ಒಂದು ವರ್ಷ ಮೀರಿದ ಅಥವಾ ವಾರ್ಷಿಕ ಬಾಡಿಗೆ ನಿಗದಿಪಡಿಸಿದ ಗುತ್ತಿಗೆಯನ್ನು ನೋಂದಾಯಿತ ದಸ್ತಾವೇಜಿನ ಮೂಲಕವೇ ಮಾಡತಕ್ಕದ್ದು. 11 ತಿಂಗಳ ಕರಾರಿನ ರೂಢಿ ಬೆಳೆದಿರುವುದು ಇದೇ ಕಾರಣದಿಂದ. ಕರ್ನಾಟಕ ಬಾಡಿಗೆ ಅಧಿನಿಯಮವು ಅನ್ವಯಿಸುವ ಸ್ವತ್ತುಗಳಿಗೆ ಲಿಖಿತ ಒಪ್ಪಂದ ಅಗತ್ಯ. ಅವಧಿ ಎಷ್ಟೇ ಇರಲಿ, ನಿಗದಿತ ಮುದ್ರಾಂಕ ಶುಲ್ಕವನ್ನು ಇ-ಮುದ್ರಾಂಕದ ಮೂಲಕ ಪಾವತಿಸತಕ್ಕದ್ದು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯೊಳಗಿನ ಯಾವುದೇ ಉಪ ನೋಂದಣಿ ಕಚೇರಿಯಲ್ಲಿ ದಸ್ತಾವೇಜನ್ನು ನೋಂದಾಯಿಸಲು ಅವಕಾಶ ಕಲ್ಪಿಸಲಾಗಿದೆ.

ಖೋಲಿವಾರು ಕರಾರಿನಲ್ಲಿ ಈ ಕೆಳಗಿನ ಅಂಶಗಳು ಇರುವಂತೆ ನೋಡಿಕೊಳ್ಳತಕ್ಕದ್ದು:

ಅ) ಖೋಲಿಯ ಗುರುತು: ಯಾವ ಅಂತಸ್ತು, ಯಾವ ದಿಕ್ಕು, ಅಳತೆ. ಒಂದು ಸರಳ ನಕ್ಷೆ ಲಗತ್ತಿಸಿದರೆ ಉತ್ತಮ.
ಆ) ಸಾಮಾನ್ಯ ಬಳಕೆಯ ಭಾಗಗಳು: ಪಡಸಾಲೆ, ಅಡಿಗೆಮನೆ, ಬಚ್ಚಲು, ಶೌಚಾಲಯ, ಮಾಳಿಗೆ, ಹಿತ್ತಿಲು, ವಾಹನ ನಿಲುಗಡೆ.
ಇ) ಖೋಲಿಯಲ್ಲಿ ಇರಬಹುದಾದ ಜನರ ಸಂಖ್ಯೆ ಮತ್ತು ಅತಿಥಿಗಳ ಬಗ್ಗೆ ನಿಯಮ.
ಈ) ಬಾಡಿಗೆ, ಅದನ್ನು ಕೊಡುವ ದಿನಾಂಕ, ವಾರ್ಷಿಕ ಹೆಚ್ಚಳ ಮತ್ತು ರಸೀದಿ ಕೊಡುವ ವಿಧಾನ.
ಉ) ಮುಂಗಡ ಹಣ, ಅದರಿಂದ ಯಾವ ಕಾರಣಕ್ಕೆ ಎಷ್ಟು ಕಡಿತ ಮಾಡಬಹುದು ಮತ್ತು ಎಷ್ಟು ದಿನದೊಳಗೆ ಹಿಂತಿರುಗಿಸಬೇಕು ಎಂಬ ವಿವರ.
ಊ) ವಿದ್ಯುತ್, ನೀರು ಮತ್ತು ಸ್ವಚ್ಛತೆಯ ವೆಚ್ಚ ಹಂಚುವ ಕ್ರಮ.
ಋ) ದುರಸ್ತಿಯ ಹೊಣೆ: ಸಾಮಾನ್ಯ ಭಾಗದಲ್ಲಿ ಹಾಳಾದುದನ್ನು ಯಾರು ಸರಿಪಡಿಸಬೇಕು ಎಂಬುದು.
ೠ) ಖಾಲಿ ಮಾಡಲು ಎರಡೂ ಪಕ್ಷದವರು ಕೊಡಬೇಕಾದ ಪೂರ್ವಸೂಚನೆಯ ಅವಧಿ.

ಮುಂಗಡದ ವಿಷಯದಲ್ಲಿ, ಕೇಂದ್ರ ಸಚಿವ ಸಂಪುಟವು 2021ರ ಜೂನ್‌ನಲ್ಲಿ ಅನುಮೋದಿಸಿದ ಮಾದರಿ ಬಾಡಿಗೆ ಅಧಿನಿಯಮವು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಯ ಮಿತಿಯನ್ನು ಸೂಚಿಸಿದೆ. ಅದು ಮಾದರಿ ಮಾತ್ರ. ರಾಜ್ಯವು ಅಳವಡಿಸಿಕೊಂಡಾಗಲೇ ಅದಕ್ಕೆ ಕಾನೂನಿನ ಬಲ ಬರುತ್ತದೆ. ಆದರೂ ಮುಂಗಡವನ್ನು ನಿಗದಿಪಡಿಸುವಾಗ ಅದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

8. ವಿದ್ಯುತ್ ಮೀಟರ್ ಮತ್ತು ಗೃಹಜ್ಯೋತಿ

ಈ ಪಟ್ಟಣಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು, ಅಂದರೆ ಹೆಸ್ಕಾಂ, ವಿದ್ಯುತ್ ಒದಗಿಸುತ್ತದೆ. 2023ರ ಜುಲೈ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಾಡಿಗೆದಾರರೂ ತಾವು ವಾಸಿಸುವ ಮನೆಯ ಆರ್.ಆರ್. ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಿ ಸೌಲಭ್ಯ ಪಡೆಯಲು ಅವಕಾಶವಿದೆ. ಸೌಲಭ್ಯವು ಮೀಟರಿಗೆ ಸಂಬಂಧಿಸಿದ್ದೇ ಹೊರತು ಖೋಲಿಗಲ್ಲ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಪೂರ್ಣ ಬಿಲ್ಲನ್ನು ಪಾವತಿಸಬೇಕಾಗುತ್ತದೆ.

ಒಂದು ಮನೆಯ ಮೂರು ಖೋಲಿಗಳಲ್ಲಿ ತಲಾ 70 ಯೂನಿಟ್ ಬಳಕೆಯಾದರೆ, ಯಾರೂ ಹೆಚ್ಚು ಬಳಸಿಲ್ಲವಾದರೂ ಮೀಟರಿನ ಒಟ್ಟು 210 ಯೂನಿಟ್ ಆಗಿ ಸೌಲಭ್ಯ ತಪ್ಪುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ಬಾಡಿಗೆದಾರರ ನಡುವೆ ಮನಸ್ತಾಪ ಉಂಟಾಗುತ್ತದೆ. ಪ್ರತ್ಯೇಕ ಅಡಿಗೆಮನೆ ಮತ್ತು ಪ್ರವೇಶವುಳ್ಳ ಭಾಗಗಳಿಗೆ ಪ್ರತ್ಯೇಕ ಸಂಪರ್ಕ ಪಡೆಯುವ ಬಗ್ಗೆ ಹೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ವಿಚಾರಿಸಬಹುದು. ಉಪಮೀಟರ್ ಅಳವಡಿಸಿದಲ್ಲಿ ಪ್ರತಿ ತಿಂಗಳು ಒಂದೇ ದಿನಾಂಕದಂದು ಎಲ್ಲರ ಎದುರಿನಲ್ಲಿ ಅಂಕಿಗಳನ್ನು ಬರೆದುಕೊಂಡು, ಮೂಲ ಬಿಲ್ಲಿನ ಪ್ರತಿಯನ್ನು ತೋರಿಸಿ, ಲಾಭ ಸೇರಿಸದೆ ಹಂಚತಕ್ಕದ್ದು. ಖಾಲಿ ಮಾಡುವ ಬಾಡಿಗೆದಾರರು ತಮ್ಮ ಆಧಾರ್ ಜೋಡಣೆಯನ್ನು ರದ್ದುಪಡಿಸಿಕೊಳ್ಳುವುದು ಮರೆಯಬಾರದು. ಇಲ್ಲವಾದರೆ ಹೊಸ ಮನೆಯಲ್ಲಿ ಅವರಿಗೂ ಹಳೆಯ ಖೋಲಿಗೆ ಬರುವವರಿಗೂ ತೊಡಕಾಗುತ್ತದೆ.

9. ನೀರಿನ ಹಂಚಿಕೆ

ಗದಗ-ಬೆಟಗೇರಿಗೆ ತುಂಗಭದ್ರಾ ನದಿಯ ನೀರನ್ನು ಒದಗಿಸಲಾಗುತ್ತದೆ. ನಳದ ನೀರು ದಿನ ಬಿಟ್ಟು ಬರುವ ಕಾಲದಲ್ಲಿ, ವಿಶೇಷವಾಗಿ ಬೇಸಿಗೆಯಲ್ಲಿ, ಹಂಚಿಕೆಯ ಮನೆಗಳಲ್ಲಿ ಮೊದಲ ಜಗಳ ನೀರಿನದ್ದೇ ಆಗಿರುತ್ತದೆ. ನೆಲತೊಟ್ಟಿ ಮತ್ತು ಮಾಳಿಗೆಯ ಟ್ಯಾಂಕಿನ ಸಾಮರ್ಥ್ಯವನ್ನು ಮನೆಯಲ್ಲಿ ವಾಸಿಸುವ ಒಟ್ಟು ಜನರಿಗೆ ಹೊಂದಿಸಿ ನಿರ್ಧರಿಸತಕ್ಕದ್ದು. ನಳ ಬಂದ ದಿನ ತುಂಬಿಸುವವರು ಯಾರು, ಮೋಟಾರು ನಡೆಸುವವರು ಯಾರು, ನೀರು ಸಾಲದೆ ಟ್ಯಾಂಕರ್ ತರಿಸಿದರೆ ವೆಚ್ಚ ಯಾರದು ಎಂಬುದನ್ನು ಕರಾರಿನಲ್ಲಿಯೇ ಹೇಳುವುದು ಸೂಕ್ತ. ಕುಡಿಯುವ ನೀರು ಮತ್ತು ಬಳಕೆಯ ನೀರನ್ನು ಬೇರೆ ಬೇರೆಯಾಗಿ ಸಂಗ್ರಹಿಸಿ, ತೊಟ್ಟಿಗಳನ್ನು ಮುಚ್ಚಿಟ್ಟು, ನಿಗದಿತ ಅವಧಿಗೊಮ್ಮೆ ತೊಳೆಯತಕ್ಕದ್ದು. ತೆರೆದ ತೊಟ್ಟಿಗಳಲ್ಲಿ ಡೆಂಗಿ ಹರಡುವ ಸೊಳ್ಳೆಗಳು ಬೆಳೆಯುತ್ತವೆ.

10. ಖೋಲಿಯ ಯೋಗ್ಯತೆ ಮತ್ತು ಸುರಕ್ಷತೆ

ರಾಷ್ಟ್ರೀಯ ಕಟ್ಟಡ ಸಂಹಿತೆ, 2016ರ ಪ್ರಕಾರ, ಒಂದೇ ವಾಸದ ಖೋಲಿ ಇದ್ದಲ್ಲಿ ಅದು 9.5 ಚದರ ಮೀಟರಿಗೆ ಕಡಿಮೆ ಇರಬಾರದು ಮತ್ತು ಅದರ ಅಗಲ 2.4 ಮೀಟರಿಗೆ ಕಡಿಮೆ ಇರಬಾರದು. ಪಡಸಾಲೆಯನ್ನು ಪ್ಲೈವುಡ್ಡಿನಿಂದ ಅಡ್ಡಗಟ್ಟಿ ಕಿಟಕಿಯಿಲ್ಲದ ಎರಡು ಖೋಲಿ ಮಾಡುವುದು ವಾಸಕ್ಕೆ ಯೋಗ್ಯವಲ್ಲ. ಬೆಂಕಿ ಬಿದ್ದಾಗ ಅಪಾಯಕಾರಿಯೂ ಹೌದು. ಕಟ್ಟಡದಲ್ಲಿ ಬದಲಾವಣೆ ಮಾಡುವ ಮೊದಲು ಸ್ಥಳೀಯ ಸಂಸ್ಥೆಯ ಪರವಾನಗಿಯ ಬಗ್ಗೆ ವಿಚಾರಿಸತಕ್ಕದ್ದು.

ಒಬ್ಬೊಬ್ಬರು ತಮ್ಮ ಖೋಲಿಯಲ್ಲಿಯೇ ಒಲೆ ಹೂಡುವ ರೂಢಿಯಿಂದ ಅನಾಹುತಗಳಾಗುವ ಸಂಭವವಿದೆ. ಅಡಿಗೆ ಅನಿಲದ ಸಿಲಿಂಡರನ್ನು ನೆಟ್ಟಗೆ, ಗಾಳಿಯಾಡುವ ಸ್ಥಳದಲ್ಲಿ, ಒಲೆಗಿಂತ ಕೆಳಮಟ್ಟದಲ್ಲಿ ಇಡತಕ್ಕದ್ದು. ಮುಚ್ಚಿದ ಖೋಲಿಯಲ್ಲಿ ಇದ್ದಿಲ ಒಲೆ ಉರಿಸಿ ಮಲಗುವುದು ಪ್ರಾಣಾಪಾಯಕಾರಿ. ಹೊರಬಾಗಿಲಿನ ಬೀಗದ ಕೈ ಪ್ರತಿಯೊಬ್ಬ ಬಾಡಿಗೆದಾರರ ಬಳಿಯೂ ಇರತಕ್ಕದ್ದು. ರಾತ್ರಿ ಹೊರಗಿನಿಂದ ಬೀಗ ಹಾಕುವುದನ್ನು ಯಾವ ಕಾರಣಕ್ಕೂ ಮಾಡಬಾರದು.

11. ಖಾಸಗಿತನ, ಗುರುತಿನ ದಾಖಲೆ ಮತ್ತು ತಾರತಮ್ಯ

ಖೋಲಿಯನ್ನು ಬಾಡಿಗೆಗೆ ಕೊಟ್ಟ ನಂತರ ಮಾಲೀಕರು ತುರ್ತು ಸಂದರ್ಭದ ಹೊರತು ಮುಂಚಿತವಾಗಿ ತಿಳಿಸದೆ ಒಳಗೆ ಪ್ರವೇಶಿಸಬಾರದು. ಸಾಮಾನ್ಯ ಹಾದಿಯಲ್ಲಿ ಕ್ಯಾಮೆರಾ ಅಳವಡಿಸಿದರೆ ಅದನ್ನು ಎಲ್ಲರಿಗೂ ತಿಳಿಸತಕ್ಕದ್ದು. ಬಚ್ಚಲು, ಶೌಚಾಲಯ ಮತ್ತು ಖೋಲಿಗಳಲ್ಲಿ ಅಳವಡಿಸುವಂತಿಲ್ಲ. ಮಹಿಳೆಯ ಖಾಸಗಿ ಕ್ಷಣಗಳನ್ನು ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆ, 2023ರ 77ನೇ ಪ್ರಕರಣದ ಮೇರೆಗೆ ಅಪರಾಧವಾಗಿದೆ.

ಬಾಡಿಗೆದಾರರ ಭಾವಚಿತ್ರ ಮತ್ತು ಗುರುತಿನ ದಾಖಲೆಯ ಪ್ರತಿಯನ್ನು ಪಡೆದು, ಸಮೀಪದ ಪೊಲೀಸ್ ಠಾಣೆಗೆ ವಿವರ ನೀಡುವುದು ಕ್ಷೇಮಕರ. ಆ ಕುರಿತು ಆದೇಶ ಜಾರಿಯಲ್ಲಿದ್ದರೆ ವಿವರ ನೀಡುವುದು ಕಡ್ಡಾಯ. ಆಧಾರ್ ಸಂಖ್ಯೆಯ ಮೊದಲ ಎಂಟು ಅಂಕಿಗಳನ್ನು ಮರೆಮಾಚಿದ ಪ್ರತಿಯನ್ನು ಬಾಡಿಗೆದಾರರು ಕೊಡಬಹುದು.

ಅಸ್ಪೃಶ್ಯತೆಯ ಆಚರಣೆಯು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮ, 1955ರ ಮೇರೆಗೆ ದಂಡನೀಯವಾಗಿದೆ. ಎಚ್.ಐ.ವಿ. ಸೋಂಕಿತರಿಗೆ 2017ರ ಅಧಿನಿಯಮವೂ ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಅಧಿನಿಯಮವೂ ಮನೆ ಬಾಡಿಗೆಗೆ ಪಡೆಯುವಲ್ಲಿ ತಾರತಮ್ಯದ ವಿರುದ್ಧ ರಕ್ಷಣೆ ನೀಡಿವೆ.

12. ಖಾಲಿ ಮಾಡಿಸುವುದು

ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ವಾಸದ ಸ್ವತ್ತಿನ ಬಾಡಿಗೆಯನ್ನು ತಿಂಗಳಿಂದ ತಿಂಗಳಿಗೆ ನಡೆಯುವ ಗುತ್ತಿಗೆ ಎಂದು ಭಾವಿಸಲಾಗುತ್ತದೆ. ಸ್ವತ್ತು ವರ್ಗಾವಣೆ ಅಧಿನಿಯಮದ 106ನೇ ಪ್ರಕರಣದಂತೆ 15 ದಿನಗಳ ಲಿಖಿತ ನೋಟೀಸು ನೀಡಿ ಅದನ್ನು ಕೊನೆಗೊಳಿಸಬಹುದು. ಈ ಅವಧಿಯು ನೋಟೀಸು ತಲುಪಿದ ದಿನದಿಂದ ಆರಂಭವಾಗುತ್ತದೆ. ನೋಟೀಸಿನ ನಂತರವೂ ಬಾಡಿಗೆದಾರರು ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗುವುದೊಂದೇ ದಾರಿ.

ಖೋಲಿಗೆ ಬೀಗ ಜಡಿಯುವುದು, ಸಾಮಾನುಗಳನ್ನು ಬೀದಿಗೆ ಹಾಕುವುದು, ನೀರು ಅಥವಾ ವಿದ್ಯುತ್ ಕಡಿತಗೊಳಿಸುವುದು ಕಾನೂನುಬದ್ಧ ಮಾರ್ಗಗಳಲ್ಲ. ಕಾನೂನಿನ ಕ್ರಮವಿಲ್ಲದೆ, ಒಪ್ಪಿಗೆಯಿಲ್ಲದೆ ಸ್ವಾಧೀನ ಕಳೆದುಕೊಂಡವರು ನಿರ್ದಿಷ್ಟ ಪರಿಹಾರ ಅಧಿನಿಯಮ, 1963ರ 6ನೇ ಪ್ರಕರಣದ ಮೇರೆಗೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಹಂಚಿಕೆಯ ಮನೆಯಲ್ಲಿ ಒಬ್ಬರ ಬಾಕಿಗಾಗಿ ನೀರು ನಿಲ್ಲಿಸಿದರೆ, ಸಕಾಲಕ್ಕೆ ಬಾಡಿಗೆ ಕೊಡುತ್ತಿರುವ ಉಳಿದವರೂ ತೊಂದರೆಗೆ ಒಳಗಾಗುತ್ತಾರೆ ಎಂಬುದನ್ನು ಮಾಲೀಕರು ಗಮನಿಸತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪಕ್ಕದ ಖೋಲಿಯವರು ಅಡಿಗೆಮನೆಯ ಕಟ್ಟೆಯನ್ನು ಒಡೆದರೆ ನನ್ನ ಮುಂಗಡದಲ್ಲಿ ಕಡಿತ ಮಾಡಬಹುದೇ?
ಉತ್ತರ: ಪ್ರತ್ಯೇಕ ಕರಾರಿದ್ದಲ್ಲಿ, ಸಾಮಾನ್ಯ ಭಾಗದ ಹಾನಿಯನ್ನು ಎಲ್ಲರೂ ಭರಿಸಬೇಕೆಂದು ನೀವು ಒಪ್ಪಿರದಿದ್ದರೆ, ಬೇರೆಯವರು ಮಾಡಿದ ಹಾನಿಗೆ ನೀವು ಹೊಣೆಯಲ್ಲ. ಬಂದ ದಿನವೇ ಮನೆಯ ಸ್ಥಿತಿಯ ಛಾಯಾಚಿತ್ರ ತೆಗೆದು ಇಬ್ಬರೂ ಸಹಿ ಮಾಡಿದ ಪಟ್ಟಿ ಇಟ್ಟುಕೊಳ್ಳುವುದು ಒಳ್ಳೆಯದು.

ಪ್ರಶ್ನೆ: ಲಿಖಿತ ಕರಾರಿಲ್ಲ, ರಸೀದಿಯೂ ಇಲ್ಲ. ನನಗೆ ಹಕ್ಕಿಲ್ಲವೇ?
ಉತ್ತರ: ಹಕ್ಕು ಇದೆ, ಆದರೆ ಸಾಬೀತುಪಡಿಸುವುದು ಕಷ್ಟ. ಬಾಡಿಗೆಯನ್ನು ಬ್ಯಾಂಕ್ ಅಥವಾ ಯು.ಪಿ.ಐ. ಮೂಲಕ ಕೊಟ್ಟರೆ ಅದೇ ದಾಖಲೆಯಾಗುತ್ತದೆ.

ಪ್ರಶ್ನೆ: ಖೋಲಿಯ ಜೊತೆಗೆ ಊಟವನ್ನೂ ಕೊಟ್ಟರೆ?
ಉತ್ತರ: ಅದು ವಾಣಿಜ್ಯ ವಸತಿಗೃಹದ ಸ್ವರೂಪ ಪಡೆಯುತ್ತದೆ. ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಮತ್ತು ಆಹಾರ ಸುರಕ್ಷತೆ ನೋಂದಣಿಯ ಬಗ್ಗೆ ವಿಚಾರಿಸತಕ್ಕದ್ದು.

ಪ್ರಶ್ನೆ: ಖೋಲಿಗಳ ಬಾಡಿಗೆಗೆ ಆದಾಯ ತೆರಿಗೆ ಇದೆಯೇ?
ಉತ್ತರ: ಎಲ್ಲ ಖೋಲಿಗಳ ಬಾಡಿಗೆಯನ್ನು ಕೂಡಿಸಿ ಮನೆ ಸ್ವತ್ತಿನ ಆದಾಯವೆಂದು ತೋರಿಸತಕ್ಕದ್ದು. ಸ್ಥಳೀಯ ಸಂಸ್ಥೆಗೆ ಮಾಲೀಕರು ಪಾವತಿಸಿದ ತೆರಿಗೆಯನ್ನು ಕಳೆದು, ಉಳಿದ ಮೊತ್ತದ ಮೇಲೆ ಶೇಕಡಾ 30ರಷ್ಟು ಕಡಿತ ದೊರೆಯುತ್ತದೆ.

14. ನೆರವು

ವ್ಯಾಜ್ಯ ಉಂಟಾದಲ್ಲಿ ಗದಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ಸಂಪರ್ಕಿಸಬಹುದು. ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮ, 1987ರ ಮೇರೆಗೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರಾಗಿದ್ದಾರೆ. ಉಚಿತ ಸಹಾಯವಾಣಿ ಸಂಖ್ಯೆ 15100. ಮುಂಗಡ ಹಿಂತಿರುಗಿಸುವಿಕೆ, ಬಿಲ್ಲಿನ ಪಾಲು ಮುಂತಾದ ಸಣ್ಣ ತಕರಾರುಗಳನ್ನು ಲೋಕ ಅದಾಲತ್ ಮೂಲಕ ರಾಜಿಯಲ್ಲಿ ಬಗೆಹರಿಸಿಕೊಳ್ಳಬಹುದು. ಕಟ್ಟಡ, ತೆರಿಗೆ ಮತ್ತು ನೀರಿನ ವಿಷಯಗಳಿಗೆ ಆಯಾ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿ ಕಚೇರಿಯನ್ನೂ ದಸ್ತಾವೇಜಿನ ವಿಷಯಕ್ಕೆ ಉಪ ನೋಂದಣಿ ಕಚೇರಿಯನ್ನೂ ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.

ಈ ಮಾಹಿತಿಯನ್ನು ಸಾರ್ವಜನಿಕರ ಸಾಮಾನ್ಯ ತಿಳುವಳಿಕೆಗಾಗಿ ನೀಡಲಾಗಿದೆ. ಯಾವುದೇ ನಿರ್ದಿಷ್ಟ ಪ್ರಕರಣದಲ್ಲಿ ಸಂಬಂಧಿತ ಅಧಿನಿಯಮಗಳ ಮೂಲ ಉಪಬಂಧಗಳೇ ಅಂತಿಮವಾಗಿರುತ್ತವೆ.